ದೇವನಹಳ್ಳಿಯಲ್ಲಿ ವೈನ್ ನೆಲಮಾಳಿಗೆ: ಜೆಸಿಬಿ ಕರೆಸುವ ಮುಂಚೆ

ಮೇಡಂ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಸಂಗೀತ ಕಛೇರಿ ಮುಗಿಸಿ ಬಂದಿದ್ದೆ, ಬರೆಯಲು ಕೈ ಬರಲಿಲ್ಲ. ನೀವು ಕೇಳಿದ್ದು ಎರಡು. ಪ್ಯಾರಿಸ್‌ನಲ್ಲಿ ನಿಮ್ಮ ವಯೊಲಿನ್ ಕಛೇರಿಗಳ ಮಧ್ಯೆ ಒಂದು ದಿನ ಬಿಡುವಿದೆ, ಶಾಂಪೇನ್ ಸೀಮೆಯ ನೆಲಮಾಳಿಗೆ ನೋಡಿ ಬರಬಹುದಾ? ಬಂದಮೇಲೆ ದೇವನಹಳ್ಳಿ ಹತ್ತಿರದ ನಿಮ್ಮ ತೋಟದಲ್ಲಿ ಅಂಥದ್ದೇ ಒಂದು ತೋಡಿಸಬಹುದಾ? ಮೊದಲನೆಯದಕ್ಕೆ ಖಂಡಿತ ಹೋಗಿ. ಎರಡನೆಯದಕ್ಕೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ, ಇದನ್ನು ಪೂರ್ತಿ ಓದಿ.

ನಾನು ಮೃದಂಗದವನು. ಮನೆ ಬಸವನಗುಡಿ. ಅಪ್ಪ ಹಾಕಿದ ದ್ರಾಕ್ಷಿ ಚಪ್ಪರ ದೊಡ್ಡಬಳ್ಳಾಪುರದ ಕಡೆ ಇದೆ. ತಂಡದ ಜೊತೆ ಫ್ರಾನ್ಸ್‌ಗೆ ಹೋದಾಗ ನಾನೂ ಹೀಗೇ ಒಂದು ದಿನ ಉಳಿಸಿಕೊಂಡು ಶಾಂಪೇನ್ ಸೀಮೆಯ ರೀಮ್ಸ್ ಊರಿಗೆ ಹೋಗಿದ್ದೆ. ಅಲ್ಲಿಯವರ ಬಾಯಲ್ಲಿ ಅದು ರ‍್ಯಾಂಸ್, ದಾರಿ ಕೇಳುವಾಗ ನೆನಪಿರಲಿ. ಪ್ಯಾರಿಸ್‌ನ ಗಾರ್ ದ ಲೆಸ್ತ್ ಸ್ಟೇಷನ್ನಿನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ ದಾರಿ. ನೆಲಮಾಳಿಗೆಗೆ ಮೊದಲೇ ಬುಕ್ ಮಾಡಿ. ಸುಮ್ನೆ ಬಾಗಿಲಿಗೆ ಹೋಗಿ ನಿಂತರೆ ವಾಪಸ್ ಬರಬೇಕಾದೀತು. ಪೊಮರಿ ಎಂಬ ಕಂಪನಿಯಲ್ಲಿ 116 ಮೆಟ್ಟಿಲು ಇಳಿಯಬೇಕು. ಇಳಿದಿದ್ದನ್ನು ಹತ್ತಲೂ ಬೇಕು, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಎಂಥ ಬೇಸಿಗೆಯಲ್ಲೂ ಒಳಗೆ 10ರಿಂದ 12 ಡಿಗ್ರಿ. ಸ್ವೆಟರ್ ಬೇಕೇ ಬೇಕು.

ವಯೊಲಿನ್ ಹೋಟೆಲಿನಲ್ಲೇ ಬಿಟ್ಟು ಹೋಗಿ. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಫೋಟೊ ಆಸೆಗೆ ನಾನು ಮೃದಂಗ ಹೊತ್ತುಕೊಂಡೇ ಇಳಿದೆ. ಕೆಳಗೆ ಗಾಳಿಯೆಲ್ಲ ತೇವ. ಒಂದು ಗಂಟೆಯಲ್ಲಿ ಚರ್ಮ ಸಡಿಲವಾಗಿ ಶ್ರುತಿ ಅರ್ಧ ಸ್ವರದಷ್ಟು ಇಳಿದಿತ್ತು. ಮೇಲೆ ಬಂದು ಶ್ರುತಿ ಸೇರಿಸಲು ಕಲ್ಲು ಹಿಡಿದು ಕೂತವನು ರಾತ್ರಿ ಊಟದವರೆಗೂ ತಟ್ಟುತ್ತಲೇ ಇದ್ದೆ. ನಿಮ್ಮ ವಯೊಲಿನ್ನಿನ ಬಿರಡೆ ಉಬ್ಬಿ ಬಿಗಿದುಕೊಂಡರೆ ಇನ್ನೂ ಕಷ್ಟ. ಕಛೇರಿ ಇರುವ ದಿನವಂತೂ ಈ ಓಡಾಟ ಬೇಡ, ಬೆರಳು ಮರಗಟ್ಟುತ್ತದೆ.

ಆದರೆ ಆ ಜಾಗ ನೋಡಿದಾಗ ನನಗೆ ನೆನಪಾಗಿದ್ದು ಅಜ್ಜಿ ಮನೆಯ ಹಗೇವು, ಅಂದರೆ ನೆಲದೊಳಗೆ ಧಾನ್ಯ ಇಡುವ ಗುಂಡಿ. ನಿಜ ಹೇಳುತ್ತೇನೆ. ರೀಮ್ಸ್‌ನಲ್ಲಿ ಬಹಳ ಹಿಂದೆ ಕಟ್ಟಡಕ್ಕೆಂದು ಸುಣ್ಣದಂಥ ಮೆತ್ತನೆ ಕಲ್ಲು ತೆಗೆದ ಗುಂಡಿಗಳಿವೆ. ಮೇಲೆ ಬಾಯಿ ಚಿಕ್ಕದು, ಕೆಳಗೆ ಹೋದಂತೆ ಅಗಲ. ಆಳ ಸುಮಾರು 30 ಮೀಟರ್. ಎಷ್ಟೋ ಕಾಲದ ಮೇಲೆ ಶಾಂಪೇನ್ ಕಂಪನಿಗಳು ಅವನ್ನು ಸುರಂಗಗಳಿಂದ ಜೋಡಿಸಿಕೊಂಡು ಬಾಟಲಿ ಇಟ್ಟರು. ನಮ್ಮವರು ರಾಗಿ ತುಂಬಿಡುತ್ತಿದ್ದ ಹಗೇವಿನದೂ ಅದೇ ಆಕಾರ ಅಲ್ವಾ? ಮೊದಲ ಮಹಾಯುದ್ಧದಲ್ಲಿ ಊರಿನ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ಅಲ್ಲೇ ಕೆಳಗೆ ಇದ್ದರು, ಮಕ್ಕಳಿಗೆ ಶಾಲೆಯೂ ಅಲ್ಲೇ ನಡೆಯಿತು. ನಾನು ಮೆಲ್ಲಗೆ ಒಂದು 'ಧೀಂ' ಬಾರಿಸಿದೆ. ಅದು ಸುತ್ತಿ ಸುತ್ತಿ ಬಂತು, ಬೇಗ ಸಾಯಲಿಲ್ಲ. ಆ ಜಾಗದಲ್ಲಿ ತನಿ ಆವರ್ತನ, ಅಂದರೆ ಮೃದಂಗವೊಂದೇ ನುಡಿಯುವ ಸರದಿ, ಬಾರಿಸಿದರೆ ತಾಳದ ಲೆಕ್ಕ ಯಾರಿಗೂ ಕೇಳಿಸುವುದಿಲ್ಲ ಬಿಡಿ.

ಈಗ ನಿಮ್ಮ ತೋಟಕ್ಕೆ ಬರೋಣ. ರೀಮ್ಸ್‌ನ ನೆಲಮಾಳಿಗೆ ತಣ್ಣಗಿರುವುದು ನೆಲದೊಳಗೆ ಇರುವುದರಿಂದ ಮಾತ್ರ ಅಲ್ಲ, ಆ ಊರೇ ತಣ್ಣಗಿರುವುದರಿಂದ. ಕೆಲವು ಮೀಟರ್ ಆಳಕ್ಕೆ ಹೋದರೆ ಬೇಸಿಗೆ, ಚಳಿಗಾಲ ಎರಡೂ ತಾಗುವುದಿಲ್ಲ. ಆ ಊರಿನ ಇಡೀ ವರ್ಷದ ಸರಾಸರಿ ಬಿಸಿ ಎಷ್ಟೋ, ಹೆಚ್ಚುಕಮ್ಮಿ ಅಷ್ಟೇ ಅಲ್ಲಿ ನಿಲ್ಲುತ್ತದೆ. ರೀಮ್ಸ್‌ಗೆ ಅದು 11ರ ಆಸುಪಾಸು. ನಮ್ಮ ಬೆಂಗಳೂರಿಗೆ 24ರ ಆಸುಪಾಸು. ನೀವು ಹತ್ತು ಅಡಿಯಲ್ಲ, ಮೂವತ್ತು ಅಡಿ ತೋಡಿದರೂ ಸಿಗುವುದು 24. ಏಪ್ರಿಲ್‌ನ ಶೀಟಿನ ಮನೆಗಿಂತ ವಾಸಿ, ಆದರೆ ವರ್ಷಗಟ್ಟಲೆ ವೈನ್ ಇಡುವ ಜಾಗ ಅಲ್ಲ. ನಮ್ಮ ಬಳ್ಳಿ ಚಳಿಗಾಲದಲ್ಲಿ ಮಲಗದೆ ಇರುವುದಕ್ಕೂ ಕಾರಣ ಇದೇ ಸೆಕೆ. ಅದಕ್ಕೇ ನಾವು ಬೆಂಗಳೂರು ಬ್ಲೂ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಪ್ರೂನಿಂಗ್ ಮಾಡಿ ಎರಡು ಬೆಳೆ ತೆಗೆಯುತ್ತೇವೆ, ಅಲ್ಲಿಯವರಿಗೆ ಒಂದೇ ಬೆಳೆ. ಎರಡು ಬೆಳೆಯೂ ಬೇಕು, ತಣ್ಣನೆ ನೆಲವೂ ಬೇಕು ಅಂದರೆ ಹೇಗೆ?

ನಂಬಿಕೆ ಬರದಿದ್ದರೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ತೋಟದಲ್ಲಿ ತೆರೆದ ಬಾವಿ ಇದ್ದರೆ ಬೆಳಿಗ್ಗೆ ತಳದಿಂದ ಒಂದು ಕೊಡ ಸೇದಿ ತಕ್ಷಣ ಥರ್ಮಾಮೀಟರ್ ಇಡಿ. ನಿಮ್ಮ ನೆಲಮಾಳಿಗೆಯೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸಾವಿರ ಅಡಿ ಬೋರ್‌ವೆಲ್ ನೀರು ಬೇಡ, ಆಳ ಹೋದಷ್ಟೂ ಭೂಮಿಯ ಬಿಸಿಯೇ ಜಾಸ್ತಿ. ಜ್ವರ ನೋಡುವ ಥರ್ಮಾಮೀಟರೂ ಆಗುವುದಿಲ್ಲ, ಅದರ ಅಂಕಿ ಶುರುವಾಗುವುದೇ ಇದಕ್ಕಿಂತ ತುಂಬಾ ಮೇಲೆ.

ಇನ್ನೊಂದು ಮಾತು, ಇದು ಜೀವದ ವಿಷಯ. ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬಾರದು ಅಂತ ಹಳಬರು ಬೈಯುತ್ತಿದ್ದರು. ಒಳಗಿನ ಗಾಳಿ ಕೆಟ್ಟಿರುತ್ತದೆ, ಮನುಷ್ಯ ಅಲ್ಲೇ ಕುಸಿಯುತ್ತಾನೆ. ದ್ರಾಕ್ಷಿ ರಸ ಹುದುಗುವಾಗ ಬರುವ ಕಾರ್ಬನ್ ಡೈ ಆಕ್ಸೈಡ್ ಕೂಡ ಹಾಗೇ. ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ತುಂಬಿಕೊಳ್ಳುತ್ತದೆ. ದೀಪ ಇಳಿಸಿ ನೋಡಿದರೆ ಸಾಲದು, ದೀಪ ಉರಿಯುತ್ತಿರುವಾಗಲೇ ಮನುಷ್ಯನಿಗೆ ಅಪಾಯ ಆಗಬಹುದು. ರಸ ಹುದುಗಿಸುವ ಕೆಲಸ ಏನಿದ್ದರೂ ಮೇಲೆ, ಗಾಳಿಯಾಡುವ ಜಾಗದಲ್ಲೇ ಆಗಲಿ. ಮಾರುವ ಯೋಚನೆ ಇದ್ದರೆ ಅಬಕಾರಿ ಲೈಸೆನ್ಸ್ ಮೊದಲು, ಗುದ್ದಲಿ ಆಮೇಲೆ.

ಅಷ್ಟಕ್ಕೂ ನೀವು ಇಡಬೇಕಾದ ವೈನ್ ಯಾವುದು? ಬೆಂಗಳೂರು ಬ್ಲೂದಾದರೆ ಒಂದು ವರ್ಷದೊಳಗೆ ಕುಡಿದು ಮುಗಿಸುವಂಥದ್ದು. ಅದಕ್ಕೆ ನೆಲಮಾಳಿಗೆ ಕಟ್ಟುವುದು ಕೊತ್ತಂಬರಿ ಸೊಪ್ಪಿಗೆ ಕೋಲ್ಡ್ ಸ್ಟೋರೇಜ್ ಕಟ್ಟಿದ ಹಾಗೆ. ನೂರು ಬಾಟಲಿಯ ಒಳಗಾದರೆ ವೈನ್ ಫ್ರಿಜ್ ಸಾಕು. ಜಾಸ್ತಿ ಇದ್ದರೆ ಮನೆಯ ಉತ್ತರದ ಕಡೆ ಕಿಟಕಿ ಇಲ್ಲದ ಚಿಕ್ಕ ರೂಮು, ಗೋಡೆಗೂ ತಾರಸಿಗೂ ಥರ್ಮೋಕೋಲ್ ಥರದ ಹೊದಿಕೆ, ಒಂದು ಸಣ್ಣ ಎಸಿ. ಕಾರ್ಕ್ ಇರುವ ಬಾಟಲಿ ಮಲಗಿಸಿಡಿ. ಬಿಸಿ ಒಂದೇ ಸಮ ಇರಲಿ, ಏರಿಳಿತವೂ ವೈನ್ ಕೆಡಿಸುತ್ತದೆ.

ಬರುವಾಗ ಬಾಟಲಿ ತರುತ್ತೀರಿ ಅಂತ ಗೊತ್ತು. ಸುಂಕವಿಲ್ಲದೆ ತಲೆಗೆ ಎರಡು ಲೀಟರ್. ಅಂದರೆ 750 ಮಿಲಿಯ ಎರಡೇ ಬಾಟಲಿ. ಒಳಗಿನ ಒತ್ತಡ ತಡೆಯಲು ಗಾಜು ದಪ್ಪ ಮಾಡಿರುತ್ತಾರೆ, ತುಂಬಿದ ಬಾಟಲಿ ಒಂದೊಂದೂ ಒಂದೂವರೆ ಕೆಜಿ ದಾಟುತ್ತದೆ. ಸೀರೆಯಲ್ಲಿ ಸುತ್ತಿ ಚೆಕ್‌ಇನ್ ಸೂಟ್‌ಕೇಸಿಗೆ ಹಾಕಿ. ಕಛೇರಿಗೆ ಉಡುವ ಸೀರೆ ಬೇಡ.

ಹೊರಡುವ ಮುಂಚೆ ಒಂದು ಶನಿವಾರ ದೊಡ್ಡಬಳ್ಳಾಪುರದ ಹತ್ತಿರ ವೈನ್ ತಯಾರಿಸುವ ಗ್ರೋವರ್ ಜಾಂಪಾದವರ ತೋಟಕ್ಕೂ ಹೋಗಿ ಬನ್ನಿ. 1988ರಲ್ಲಿ ಶುರುವಾದದ್ದು. ಪೀಪಾಯಿ ಇಡುವ ಜಾಗವನ್ನು ತಣ್ಣಗಿಡಲು ಏನು ಮಾಡುತ್ತೀರಿ, ಕರೆಂಟ್ ಬಿಲ್ ಎಷ್ಟು ಅಂತ ಸಂಕೋಚ ಇಲ್ಲದೆ ಕೇಳಿ. ಬಾವಿ ನೀರಿನ ಬಿಸಿ ಎಷ್ಟು ಡಿಗ್ರಿ ಬಂತು ಅಂತ ಇಲ್ಲೇ ಹಾಕಿ, ನಮ್ಮ ಚಪ್ಪರದ ಬಾವಿಯದೂ ನೋಡಿ ಹೇಳುತ್ತೇನೆ.