ಮೂರು ಸೆಕೆಂಡು ತಡವಾಗುವ ತಮಾಷೆ

ಮೊದಲ ಸಲ ಓದಲು ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳು ಐದಾರು ವಾರ ಕಳೆದ ಮೇಲೆ, ಅಂಥವರಿಗೆ ಆಪ್ತಸಲಹೆ ಕೊಡುವ ನನಗೆ ವೀಡಿಯೊ ಕರೆ ಮಾಡುವುದು ಹೊಸದಲ್ಲ. ಮೊದಲ ಮಾತೂ ಹೆಚ್ಚುಕಮ್ಮಿ ಒಂದೇ: "ಮೇಡಂ, ವಾಪಸ್ ಬಂದುಬಿಡ್ತೀನಿ." ಈ ಪ್ರಕರಣ ಬರೆಯಲು ಕಾರಣ ಬೇರೆ. ಇದರಲ್ಲಿ ಮೊದಲ ಎರಡು ಭೇಟಿಗಳನ್ನು ನಾನು ಹಾಳು ಮಾಡಿದ್ದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಹುಡುಗನಿಗೆ ಇಪ್ಪತ್ತು ವರ್ಷ. ಪದವಿಯ ಮೂರನೇ ವರ್ಷ, ಒಂದು ಸೆಮಿಸ್ಟರಿನ ವಿನಿಮಯ ಕಾರ್ಯಕ್ರಮ. ಹಣಕ್ಕೆ ತೊಂದರೆ ಇಲ್ಲ, ಹಾಸ್ಟೆಲ್ ಚೆನ್ನಾಗಿದೆ, ಯಾರೂ ಹೀಯಾಳಿಸಿಲ್ಲ. ಆದರೂ ತರಗತಿ ಮುಗಿದ ಕೂಡಲೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ರಾತ್ರಿ ಬಹಳ ಹೊತ್ತು ಹಳೆಯ ಗೆಳೆಯರ ಜೊತೆ ಫೋನು.

ನಾನು 'ಮನೆ ನೆನಪು' ಅಂತ ಬರೆದುಕೊಂಡೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲಿ 'ಕಲ್ಚರ್ ಶಾಕ್', ಅಂದರೆ ಹೊಸ ಸಂಸ್ಕೃತಿಯ ನಡುವೆ ಆಗುವ ತಬ್ಬಿಬ್ಬಿನ ಬಗ್ಗೆ ಬರೆದ ಹಂತಗಳನ್ನು ವಿವರಿಸಿದೆ. ಮೊದಲು ಎಲ್ಲವೂ ಚೆಂದ, ಆಮೇಲೆ ಸಿಟ್ಟು ಸೆಡವು, ಕೊನೆಗೆ ನಿಧಾನವಾಗಿ ಹೊಂದಿಕೆ. ನೀನೀಗ ಇಳಿಜಾರಿನಲ್ಲಿದ್ದೀಯ, ಮತ್ತೆ ಮೇಲೆ ಬರ್ತೀಯ ಅಂದೆ. ಅವನು ಪಾಪ, ತಲೆಯಾಡಿಸಿದ. ಈ ಏರಿಳಿತ ಎಲ್ಲರಿಗೂ ಹೊಂದುವುದಿಲ್ಲ, ಎಷ್ಟೋ ಜನರಿಗೆ ಮೊದಲ ವಾರಗಳೇ ಎಲ್ಲಕ್ಕಿಂತ ಕಷ್ಟ ಅಂತ ಆಮೇಲಿನ ಸಂಶೋಧನೆಗಳು ಹೇಳಿವೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಸಮಾಧಾನಕ್ಕೆ ಸಿದ್ಧ ಸರಕು ಕೈಯಲ್ಲಿದ್ದಾಗ ಕೇಳಿಸಿಕೊಳ್ಳುವ ಕೆಲಸ ಹಿಂದೆ ಬೀಳುತ್ತದೆ.

ಮೂರನೇ ಭೇಟಿಯಲ್ಲಿ ಬೇರೇನೂ ತೋಚದೆ, "ಈ ವಾರದ ಯಾವುದಾದ್ರೂ ಒಂದು ಗಂಟೆ ಹೇಳು, ಸುಮ್ನೆ" ಅಂದೆ.

ಗುರುವಾರ ರಾತ್ರಿಯದು ಹೇಳಿದ. ಹಾಸ್ಟೆಲಿನ ಸಾಮೂಹಿಕ ಅಡುಗೆಮನೆ, ಆರು ಜನ. ಯಾರದೋ ಬಾಣಲೆ ಸೀದು ಹೊಗೆ ಎದ್ದಿದೆ. ಎಲ್ಲರೂ ಒಂದೊಂದು ಮಾತು ಎಸೆಯುತ್ತಿದ್ದಾರೆ. ಇವನಿಗೂ ಒಂದು ಹೊಳೆದಿದೆ. ಅದನ್ನು ಆ ಭಾಷೆಯಲ್ಲಿ ಜೋಡಿಸಿ, ವ್ಯಾಕರಣ ಸರಿ ಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಾತು ಬಾಣಲೆಯಿಂದ ಪರೀಕ್ಷೆಗೆ ಹೋಗಿದೆ. ಆದರೂ ಹೇಳಿಬಿಟ್ಟ. ಮೌನ. ಒಬ್ಬಳು ಪ್ರೀತಿಯಿಂದಲೇ "ಏನಂದೆ?" ಅಂದಳು. ಇವನು ಮತ್ತೆ ಹೇಳಿದ. ಆಮೇಲೆ ಬಿಡಿಸಿ ಹೇಳಿದ. ಬಿಡಿಸಿ ಹೇಳಿದ ಮೇಲೆ ತಮಾಷೆಯಲ್ಲಿ ಏನು ಉಳಿಯುತ್ತದೆ?

"ಅಲ್ಲಿ ನಗಿಸೋನು ನಾನೇ ಮೇಡಂ. ಇಲ್ಲಿ ನಾನು ಒಳ್ಳೆ ಹುಡುಗ. ಮೂಲೇಲಿ ನಗ್ತಾ ಕೂತಿರೋ ಒಳ್ಳೆ ಹುಡುಗ."

'ಮನೆ ನೆನಪು' ಅಂತ ಬರೆದದ್ದನ್ನು ಹೊಡೆದುಹಾಕಿದೆ.

ನಾನು ಅವನಿಗೆ ಒಂದು ಸಂಗತಿ ಹೇಳಿದೆ. 2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಶುರುವಾಗುವ ನಡುವಿನ ಬಿಡುವು ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡು. ಸೆಕೆಂಡಿನ ಐದನೇ ಒಂದು ಪಾಲು! ಎದುರಿನವರ ಮಾತು ಎಲ್ಲಿ ಮುಗಿಯುತ್ತದೆ ಅಂತ ಮೊದಲೇ ಊಹಿಸಿ, ಅವರು ಆಡುತ್ತಿರುವಾಗಲೇ ನಮ್ಮ ಮಾತು ಕಟ್ಟಿಕೊಂಡರೆ ಮಾತ್ರ ಇದು ಸಾಧ್ಯ. ಎರಡನೇ ಭಾಷೆಯಲ್ಲಿ ಕೇಳಿಸಿಕೊಳ್ಳುವುದಕ್ಕೇ ತಲೆಯೆಲ್ಲ ಖರ್ಚಾಗುತ್ತದೆ, ಕಟ್ಟುವುದು ಎಲ್ಲಿಂದ ಬಂತು? ತಮಾಷೆಗಂತೂ ಹೊತ್ತೇ ಪ್ರಾಣ.

"ಅಂದ್ರೆ ನಾನು ಪೆದ್ದ ಆಗಿಲ್ಲ" ಅಂದ. "ತಡ ಆಗ್ತಿದೀಯ ಅಷ್ಟೆ" ಅಂದೆ.

ಸಲಹೆ ಅಲ್ಲಿಂದ ಶುರುವಾಯಿತು. ಆರು ಜನರ ಗುಂಪು ಸದ್ಯಕ್ಕೆ ಬಿಡು, ಒಬ್ಬರೇ ಇರುವಾಗ ಮಾತಾಡು, ಅಲ್ಲಿ ಸರದಿಗೆ ಪೈಪೋಟಿ ಇರುವುದಿಲ್ಲ. ಮಾತಿಗಿಂತ ಕೈಗೆ ಕೆಲಸ ಜಾಸ್ತಿ ಇರುವ ಒಂದು ಜಾಗ ಹುಡುಕು, ವಾರವಾರವೂ ಅದೇ ಹೊತ್ತಿಗೆ ಹೋಗು. ಅವನು ಬ್ಯಾಡ್ಮಿಂಟನ್ ಆರಿಸಿಕೊಂಡ. ತರಗತಿಯ ಚರ್ಚೆಯಲ್ಲಿ ಮೊದಲ ಐದು ನಿಮಿಷದಲ್ಲೇ, ಮನೆಯಲ್ಲಿ ಬರೆದುಕೊಂಡ ಒಂದು ವಾಕ್ಯ ಹೇಳಿಬಿಡು. ಕಾದಷ್ಟೂ ಬಾಯಿ ಕಟ್ಟುತ್ತದೆ. ಹಳೆಯ ಗೆಳೆಯರ ಫೋನು ನಿಲ್ಲಿಸು ಅಂತ ಹೇಳಲಿಲ್ಲ. ಇಡೀ ದಿನದಲ್ಲಿ ಅವನು ತಾನಾಗಿರುತ್ತಿದ್ದದ್ದು ಆ ಹೊತ್ತಿನಲ್ಲೇ. ಅದನ್ನು ಕಿತ್ತುಕೊಳ್ಳಲು ನಾನ್ಯಾರು? ನಿದ್ದೆಗೆಡದಂತೆ ಸಂಜೆಗೆ ತಂದುಕೋ ಅಂದೆ.

ಇನ್ನೊಂದು ಕೆಲಸವನ್ನೂ ಕೊಟ್ಟೆ. ಅಲ್ಲಿನ ವಿದೇಶಿ ವಿದ್ಯಾರ್ಥಿ ಕಚೇರಿಗೆ ಹೋಗಿ, ನಡುವೆ ಬಿಟ್ಟು ಹೊರಡಲು ಕೊನೆಯ ದಿನ ಯಾವುದು, ಕ್ರೆಡಿಟ್ ಏನಾಗುತ್ತದೆ, ವೀಸಾ ಏನಾಗುತ್ತದೆ ಅಂತ ಕೇಳಿ ಬರೆದುಕೊಂಡು ಬಾ ಅಂತ. ಅವನ ತಂದೆಗೆ ಸಿಟ್ಟು ಬಂದದ್ದು ಇದಕ್ಕೇ. "ಓಡಿಬರೋ ದಾರಿ ನೀವೇ ತೋರಿಸಿದ್ರಿ" ಅಂದರು. ತಾಯಿಯ ದೂರು ಇದಕ್ಕೆ ಉಲ್ಟಾ: "ಮಗು ಅಳ್ತಿದ್ರೂ ಅಲ್ಲೇ ಇರಿಸಿದ್ರಿ." ಇಬ್ಬರಿಗೂ ನನ್ನ ಉತ್ತರ ಒಂದೇ ಆಗಿತ್ತು. ಬಾಗಿಲು ಎಲ್ಲಿದೆ ಅಂತ ಗೊತ್ತಿರುವವನು ಕೋಣೆಯಲ್ಲಿ ನಿರಾಳವಾಗಿ ಕೂರುತ್ತಾನೆ. ಬೇಕೆಂದರೆ ಎದ್ದೂ ಹೋಗುತ್ತಾನೆ. ಆ ತೀರ್ಮಾನ ಅವನದು.

ಇಷ್ಟು ಧೈರ್ಯವಾಗಿ ಹೇಳಲು ಕಾರಣ, ಅವನು ಊಟ ಮಾಡುತ್ತಿದ್ದ, ಸ್ನಾನ ಮಾಡುತ್ತಿದ್ದ, ತರಗತಿ ತಪ್ಪಿಸುತ್ತಿರಲಿಲ್ಲ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದ್ದೆ, ಇಲ್ಲ ಅಂದಿದ್ದ. ಕೆಲವು ವರ್ಷಗಳ ಹಿಂದೆ ಒಬ್ಬಳನ್ನು ಹೀಗೆ ಕೇಳದೆ, "ಇನ್ನೆರಡು ವಾರ ನೋಡು" ಅಂದಿದ್ದೆ. ಅವಳು ಊಟ ಬಿಟ್ಟು ದಿನಗಳಾಗಿದ್ದವು. ಅವಳ ರೂಮ್‌ಮೇಟ್ ವೈದ್ಯರ ಹತ್ತಿರ ಕರೆದುಕೊಂಡು ಹೋದಳು, ನಾನಲ್ಲ. ಊಟ ನಿದ್ದೆ ಕೆಟ್ಟು, ಹಾಸಿಗೆಯಿಂದ ಏಳಲಾಗದೆ ದಿನಗಳೇ ಕಳೆದರೆ, ಸಾಯುವ ಯೋಚನೆ ಬಂದರೆ, ಅದು ಹೊಂದಿಕೆಯ ಮಾತಲ್ಲ. ಅವತ್ತೇ ಅಲ್ಲಿನ ವೈದ್ಯರನ್ನೋ, ಕಾಲೇಜಿನ ಆಪ್ತಸಲಹೆಗಾರರನ್ನೋ ಕಾಣಬೇಕು. ದೂರದಿಂದ ಫೋನಿನಲ್ಲಿ ಮಾತಾಡುವ ನನ್ನಂಥವರು ಸಾಲದು.

ಹುಡುಗ ಸೆಮಿಸ್ಟರ್ ಮುಗಿಸಿದ. ಒಂದು ವಿಷಯದಲ್ಲಿ ಫೇಲಾದ. ಆರು ಜನರ ನಡುವೆ ತಮಾಷೆ ಕೊನೆಗೂ ಬರಲಿಲ್ಲವಂತೆ. ಬ್ಯಾಡ್ಮಿಂಟನ್ ಜೊತೆಗಾರನನ್ನು ಮಾತ್ರ ಎರಡು ಸಲ ನಗಿಸಿದನಂತೆ. ಎರಡು ಅಂತ ಲೆಕ್ಕ ಇಟ್ಟಿದ್ದ.

ಈಗ ಹೊರಡುವ ಮಕ್ಕಳ ತಯಾರಿ ತರಗತಿಯಲ್ಲಿ ನಾನು ಮೊದಲು ಕೇಳುವುದು, "ನಿನ್ನ ಗೆಳೆಯರ ಗುಂಪಿನಲ್ಲಿ ನಿನ್ನ ಕೆಲಸ ಏನು? ನಗಿಸೋದಾ, ಜಗಳ ಬಿಡಿಸೋದಾ, ಕೇಳಿಸಿಕೊಳ್ಳೋದಾ? ಅದು ಮೂರು ತಿಂಗಳು ಕೈಗೆ ಸಿಗದಿದ್ದರೆ ಏನು ಮಾಡ್ತೀಯ?" ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಯಾರಾದರೊಬ್ಬರು ಕೈ ಎತ್ತಿ, ವಿಮೆ ಪತ್ರ ಹ್ಯಾಂಡ್‌ಬ್ಯಾಗಲ್ಲಿ ಇಡಬೇಕಾ, ಸೂಟ್‌ಕೇಸಲ್ಲಾ ಅಂತ ಕೇಳುತ್ತಾರೆ. ಹ್ಯಾಂಡ್‌ಬ್ಯಾಗಲ್ಲಿ ಅಂತ ಹೇಳುತ್ತೇನೆ.