ಹೌಂಡ್‌ಗಳ ದನಿ ಕೇಳಿದರೆ ಕೆರಳುವ ನಿವೃತ್ತ ಬೇಟೆಗುದುರೆಯನ್ನು ಸಂಭಾಳಿಸುವುದು ಹೇಗೆ?

ನೀವು ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿದ್ದೀರಿ. ಹತ್ತು ವರ್ಷ ಹಂಟ್‌ನಲ್ಲಿ, ಅಂದರೆ ಹೌಂಡ್ ಎಂಬ ಬೇಟೆನಾಯಿಗಳ ಹಿಂದೆ ಸವಾರರು ಗುಂಪಾಗಿ ಕುದುರೆ ಓಡಿಸುವ ಬೇಟೆತಂಡದಲ್ಲಿ, ದುಡಿದು ನಿವೃತ್ತವಾದ ಹದಿನೇಳು ವರ್ಷದ ಐರಿಷ್ ಕುದುರೆಯೊಂದನ್ನು ಸಾಕಲು ತಂದಿದ್ದೀರಿ. ಉಳಿದ ದಿನಗಳಲ್ಲಿ ಹಸುವಿನಷ್ಟು ಸಾಧುವಾಗಿರುವ ಅದು ದೂರದಲ್ಲಿ ಹೌಂಡ್‌ಗಳ ಕೂಗೋ ಕಹಳೆಯೋ ಕೇಳಿದೊಡನೆ ಬೆವರುತ್ತದೆ, ಕುಣಿಯುತ್ತದೆ, ಬೇಲಿಯತ್ತ ನುಗ್ಗುತ್ತದೆ. ಈ ಚಟವನ್ನು ಬಿಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಗ್ಲಾಸ್ಟರ್‌ಶೈರ್‌ನಲ್ಲಿ ಇಂಥದೇ ಒಂದು ಕುದುರೆಯನ್ನು ನಾನು ಆರು ಚಳಿಗಾಲ ಸಾಕಿದ್ದೇನೆ. ಪೂರ್ತಿ ಬಿಡಿಸುವುದು ನನ್ನಿಂದ ಆಗಲಿಲ್ಲ, ಆಗುತ್ತದೆಂದು ನಾನು ನಂಬುವುದೂ ಇಲ್ಲ. ಆದರೆ ಅದರ ಜೀವಕ್ಕೂ ನಿಮ್ಮ ಜೀವಕ್ಕೂ ಅಪಾಯವಿಲ್ಲದಷ್ಟು ಮಟ್ಟಕ್ಕೆ ಇಳಿಸಬಹುದು.

ಮೊದಲು ತಿಳಿಯಬೇಕಾದದ್ದು, ಇದು ಹೆದರಿಕೆಯಲ್ಲ ಎಂಬುದು. ಹೆದರಿದ ಕುದುರೆ ಸದ್ದಿಗೆ ಬೆನ್ನು ತಿರುಗಿಸಿ ಓಡುತ್ತದೆ. ನಿಮ್ಮದು ಸದ್ದಿನ ಕಡೆಗೇ ನುಗ್ಗುತ್ತಿದೆ. ನಮ್ಮ ಕರಾವಳಿಯಲ್ಲಿ ಮೇಳ ಬಿಟ್ಟು ಎಷ್ಟೋ ವರ್ಷವಾದ ಮೇಲೂ ದೂರದ ಗದ್ದೆಯಿಂದ ಚಂಡೆಯ ಸದ್ದು ತೇಲಿಬಂದರೆ ಹಳೆಯ ವೇಷಧಾರಿಯ ಕಾಲು ಸುಮ್ಮನಿರುವುದಿಲ್ಲವಲ್ಲ, ಹಾಗೆ. ನನ್ನ ಕುದುರೆಯಲ್ಲಿ ಅದು ಶುರುವಾಗುತ್ತಿದ್ದ ಕ್ಷಣ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನವೆಂಬರಿನ ಬೆಳಿಗ್ಗೆ, ನನ್ನ ಕಿವಿಗೆ ಇನ್ನೂ ಏನೂ ಬಿದ್ದಿಲ್ಲ, ಆದರೆ ಅವನು ಹುಲ್ಲು ಮೆಲ್ಲುವುದನ್ನು ನಿಲ್ಲಿಸಿದ್ದಾನೆ. ಅರ್ಧ ಅಗಿದ ಒಣಹುಲ್ಲು ತುಟಿಯ ಅಂಚಿನಲ್ಲಿ ಜೋತಾಡುತ್ತಿದೆ, ಎರಡೂ ಕಿವಿಗಳು ಒಂದೇ ದಿಕ್ಕಿಗೆ ನೆಟ್ಟಿವೆ, ಪಕ್ಕೆಗೆ ಅಂಗೈ ಇಟ್ಟರೆ ಗುಂಡಿಗೆಯ ಬಡಿತ ಕೈಗೆ ಬಡಿಯುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆಯ ಗುಂಡಿಗೆ ನಿಮಿಷಕ್ಕೆ ಮೂವತ್ತರಿಂದ ನಲವತ್ತು ಸಲ ಬಡಿಯುತ್ತದೆ. ಅಂದು ಎಣಿಸಲು ಹೋದರೆ ಎಣಿಕೆ ತಪ್ಪುತ್ತಿತ್ತು. ನೀವು ಏನಾದರೂ ಮಾಡಬಹುದಾದ ಹೊತ್ತು ಇದೇ, ಹುಲ್ಲು ಜೋತಾಡುವ ಆ ಅರ್ಧ ನಿಮಿಷ. ಅದು ಕಳೆದು ಕುಣಿತ ಶುರುವಾದ ಮೇಲೆ ಅದಕ್ಕೆ ಯಾವ ಪಾಠವೂ ತಲೆಗೆ ಹೋಗದು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಬೇಟೆ ನಿಷೇಧದ ಕಾಯಿದೆ 2005ರ ಫೆಬ್ರವರಿ 18ರಂದು ಜಾರಿಗೆ ಬಂದ ಮೇಲೆ ಹಂಟ್‌ಗಳು ನರಿಯ ಬದಲು ಮೊದಲೇ ಎಳೆದಿಟ್ಟ ವಾಸನೆಯ ಜಾಡನ್ನು ಹಿಡಿದು ಹೋಗುವುದಾಗಿ ಹೇಳುತ್ತವೆ. ಆ ವಿಚಾರದ ವಾದ ವಿವಾದ ಬೇರೆ. ಕುದುರೆಗೆ ಈ ವ್ಯತ್ಯಾಸ ತಿಳಿಯದು. ಹದಿನೈದು ಇಪ್ಪತ್ತು ಜೋಡಿ ಹೌಂಡ್‌ಗಳು ಒಟ್ಟಿಗೆ ದನಿಯೆತ್ತಿದವೆಂದರೆ, ನಲವತ್ತು ಐವತ್ತು ಕುದುರೆಗಳ ನಡುವೆ ನಾಗಾಲೋಟಕ್ಕೆ ಬಿಡುವ ಹೊತ್ತು ಬಂತು ಎಂದೇ ಅದು ವರ್ಷಗಟ್ಟಲೆ ಕಲಿತಿದೆ. ಆದ್ದರಿಂದ ಅದರ ಸಂಕಟದಲ್ಲಿ ಅರ್ಧ ಹೌಂಡ್‌ಗಳದ್ದಾದರೆ ಇನ್ನರ್ಧ ಗುಂಪು ತನ್ನನ್ನು ಬಿಟ್ಟು ಹೋಗುತ್ತಿದೆ ಎಂಬುದರದ್ದು. ಪಕ್ಕದಲ್ಲಿ ಹಂಟ್ ಕಾಣದ, ಶಾಂತ ಸ್ವಭಾವದ ಜೊತೆಗಾರ ಕುದುರೆಯೊಂದಿದ್ದರೆ ಅದರಿಂದ ಸಿಗುವ ಪ್ರಯೋಜನ ತಿಂಗಳುಗಟ್ಟಲೆ ತರಬೇತಿಯಿಂದಲೂ ಸಿಗುವುದಿಲ್ಲ.

ತರಬೇತಿಗೆ ಮೊದಲು ಪಶುವೈದ್ಯರಿಂದ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ಹೊಟ್ಟೆಯ ಹುಣ್ಣು, ಕೀಲುನೋವು, ಕಣ್ಣಿನ ಪೊರೆ, ಈ ವಯಸ್ಸಿನಲ್ಲಿ ಸಾಮಾನ್ಯವಾದ, ಹಾರ್ಮೋನಿನ ಏರುಪೇರಿನ ಕುಶಿಂಗ್ ಕಾಯಿಲೆ, ಇವುಗಳಲ್ಲಿ ಯಾವುದಿದ್ದರೂ ಅದರ ತಾಳ್ಮೆ ಕುಗ್ಗಿರುತ್ತದೆ. ಮೇವಿನ ವಿಚಾರವೂ ಇದೆ. ದುಡಿಯುತ್ತಿದ್ದ ಕಾಲದ ಓಟ್ಸ್ ಪಾಲನ್ನು ನಿವೃತ್ತಿಯ ನಂತರವೂ ಹಾಕುತ್ತಿದ್ದರೆ ಹಂತ ಹಂತವಾಗಿ ಇಳಿಸಿ, ಹುಲ್ಲನ್ನೇ ಮುಖ್ಯ ಆಹಾರವಾಗಿಸಿ, ಹಗಲೂ ರಾತ್ರಿಯೂ ಸಾಧ್ಯವಾದಷ್ಟು ಹೊತ್ತು ಬಯಲಿನಲ್ಲಿ ಬಿಡಿ.

ಹಂಟ್ ನಿಮ್ಮ ಹೊಲದ ಬಳಿ ಯಾವ ದಿನ ಬರುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಶರತ್ಕಾಲದ ಓಡಾಟ ಆಗಸ್ಟ್ ಕೊನೆಗೋ ಸೆಪ್ಟೆಂಬರಿನಲ್ಲೋ ಆರಂಭವಾಗುತ್ತದೆ, ಮುಖ್ಯ ಋತು ನವೆಂಬರ್ ಮೊದಲಿಂದ ಮಾರ್ಚ್‌ವರೆಗೆ. ಸ್ಥಳೀಯ ಹಂಟ್‌ನ ಕಾರ್ಯದರ್ಶಿಗೆ ಫೋನ್ ಮಾಡಿ, ನಿವೃತ್ತ ಕುದುರೆಯೊಂದು ಇಲ್ಲಿದೆ, ಬರುವ ಹಿಂದಿನ ದಿನ ದಯವಿಟ್ಟು ತಿಳಿಸಿ ಎಂದು ಕೇಳಿ. ಸೌಜನ್ಯದಿಂದ ಕೇಳಿದಾಗ ನನಗೆ ಒಂದು ಸಲವೂ ಇಲ್ಲವೆನ್ನಲಿಲ್ಲ. ಆ ದಿನ ಅದನ್ನು ಲಾಯದೊಳಗೆ ಕಟ್ಟಬೇಕೇ, ಬಯಲಿನಲ್ಲಿ ಬಿಡಬೇಕೇ ಎಂಬುದಕ್ಕೆ ಎಲ್ಲ ಕುದುರೆಗಳಿಗೂ ಒಪ್ಪುವ ಉತ್ತರವಿಲ್ಲ. ಬೇಲಿ ಹಾರುವುದೇ ಅದರ ಕಸುಬಾಗಿತ್ತು ಎಂಬುದನ್ನು ಮರೆಯಬೇಡಿ: ನಾಲ್ಕಡಿಯ ಬೇಲಿ ಅದಕ್ಕೆ ತಡೆಯೇ ಅಲ್ಲ, ಆಚೆಗೆ ರಸ್ತೆಯಿದ್ದರೆ ಮಾತ್ರ ಒಳಗೆ ಕಟ್ಟುವುದರ ಹೊರತು ದಾರಿಯಿಲ್ಲ. ಒಳಗೆ ಕಟ್ಟುವುದಾದರೆ ಸದ್ದು ಬರುವ ಮೊದಲೇ, ಎದುರಿಗೋ ಪಕ್ಕಕ್ಕೋ ಜೊತೆಗಾರ ಕುದುರೆ ಕಾಣುವಂತೆ, ಎರಡು ಮೂರು ಕಡೆ ಹುಲ್ಲಿನ ಬಲೆ ತೂಗುಹಾಕಿ ಕಟ್ಟಿ. ಒಬ್ಬಂಟಿಯಾಗಿ ಬಾಗಿಲು ಮುಚ್ಚಿದ ಲಾಯದಲ್ಲಿ ಕೆಲವು ಕುದುರೆಗಳು ಗೋಡೆಗೆ ಒದ್ದು ಕಾಲು ಮುರಿದುಕೊಳ್ಳುವವರೆಗೂ ಹೋಗುತ್ತವೆ.

ಇನ್ನು ತರಬೇತಿ. ಮೊದಲ ಚಳಿಗಾಲ ನಾನು ಮಾಡಿದ ತಪ್ಪು, ದನಿ ಕೇಳಿದೊಡನೆ ಅವನನ್ನು ತಿರುಗಿಸಿ ದೂರ ಒಯ್ಯಲು ಎಳೆದದ್ದು. ಬೆನ್ನ ಹಿಂದೆ ಬೇಟೆ, ಮುಂದೆ ಎಳೆಯುವ ನಾನು; ಅವನು ಎರಡು ಕಾಲ ಮೇಲೆ ಎದ್ದು ನಿಂತ. ಹಳೆಯ ಸವಾರರೊಬ್ಬರು ಆಗ ಹೇಳಿದ ಮಾತೇ ನನ್ನ ಕಣ್ಣು ತೆರೆಸಿತು. ಹಂಟ್‌ನಲ್ಲಿ ಹೌಂಡ್‌ಗಳು ಹಾದುಹೋಗುವಾಗ ಸವಾರರು ಕುದುರೆಯ ಮುಖವನ್ನು ಅವುಗಳ ಕಡೆಗೆ ತಿರುಗಿಸಿ ನಿಲ್ಲಿಸುತ್ತಾರೆ, ಹಿಂಗಾಲು ಯಾವ ಹೌಂಡ್‌ಗೂ ತಾಗದಿರಲಿ ಎಂದು. ಹೌಂಡ್‌ಗೆ ಒದೆಯುವುದು ಅಲ್ಲಿ ದೊಡ್ಡ ಅಪರಾಧ. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುತ್ತಾರೆ. ಅಂದರೆ ಓಡುವುದರ ಜೊತೆಗೆ ಹೌಂಡ್‌ಗಳಿಗೆ ಮುಖಮಾಡಿ ಕದಲದೆ ನಿಲ್ಲುವುದನ್ನೂ ನಿಮ್ಮ ಕುದುರೆ ಚೆನ್ನಾಗಿ ಕಲಿತಿದೆ. ಆ ಕಲಿಕೆಯನ್ನೇ ಎಬ್ಬಿಸಬೇಕು. ಹೊಸದನ್ನು ಕಲಿಸುವುದಕ್ಕಿಂತ ಹಳೆಯದರಲ್ಲಿ ಬೇಕಾದದ್ದನ್ನು ಆರಿಸಿ ಬೆಳೆಸುವುದು ಈ ವಯಸ್ಸಿನಲ್ಲಿ ಸುಲಭ.

ಬೇಸಿಗೆಯಲ್ಲೇ ಆರಂಭಿಸಿ. ಆ ದಿನಗಳಲ್ಲಿ ಹೌಂಡ್‌ಗಳನ್ನು ವ್ಯಾಯಾಮಕ್ಕಾಗಿ ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ, ಆಮೇಲೆ ಕುದುರೆಯ ಮೇಲೆ ಕರೆದೊಯ್ಯುತ್ತಾರೆ. ಆಗ ನಾಗಾಲೋಟವಿಲ್ಲ, ಕೂಗಾಟ ಕಡಿಮೆ. ಹೌಂಡ್‌ಗಳನ್ನು ಸಾಕುವ ಕೆನಲ್‌ನವರ ಒಪ್ಪಿಗೆ ಪಡೆದು, ಅವರು ಹಾದುಹೋಗುವ ದಾರಿಯಿಂದ ಇನ್ನೂರು ಮೀಟರ್ ದೂರದ ಗೇಟಿನೊಳಗೆ, ಜೊತೆಗಾರ ಕುದುರೆಯೊಂದಿಗೆ, ಕೈಯಲ್ಲಿ ಉದ್ದನೆಯ ಹಗ್ಗ ಹಿಡಿದು, ಹೆಲ್ಮೆಟ್ಟು ಕೈಗವಸುಗಳನ್ನು ಹಾಕಿಕೊಂಡು ನಿಲ್ಲಿ. ಮುಖ ಹೌಂಡ್‌ಗಳ ಕಡೆಗಿರಲಿ. ಅದು ಕಿವಿ ನೆಟ್ಟು ನೋಡಲಿ, ನೋಡುವುದನ್ನು ತಡೆಯಬೇಡಿ. ಕುತ್ತಿಗೆ ತುಸು ಕೆಳಗಿಳಿದೊಡನೆ, ಅಥವಾ ಒಂದು ಕಿವಿ ನಿಮ್ಮತ್ತ ತಿರುಗಿದೊಡನೆ, ಒಂದು ಹಿಡಿ ಮೇವು ಕೊಡಿ, ಕುತ್ತಿಗೆಯ ಬುಡವನ್ನು ಬೆರಳಿನಿಂದ ಕೆರೆಯಿರಿ. ಮೇವನ್ನು ಅದು ಮುಟ್ಟಲೇ ಇಲ್ಲವೆಂದರೆ ನೀವು ತೀರ ಹತ್ತಿರದಲ್ಲಿದ್ದೀರಿ. ಮುಂದಿನ ಸಲ ಇನ್ನೂ ದೂರದಿಂದ ಶುರುಮಾಡಿ. ನನಗೆ ಇನ್ನೂರು ಮೀಟರಿನಿಂದ ಐವತ್ತಕ್ಕೆ ಬರಲು ಇಡೀ ಒಂದು ಬೇಸಿಗೆ ಹಿಡಿಯಿತು. ಫೋನಿನಲ್ಲಿ ಕಹಳೆಯ ಧ್ವನಿಮುದ್ರಿಕೆ ಹಾಕಿ ಅಭ್ಯಾಸ ಮಾಡಿಸಲು ಹಲವರು ಹೇಳುತ್ತಾರೆ. ಅದರಿಂದ ತುಸು ಪ್ರಯೋಜನವಿದ್ದರೂ, ವಾಸನೆಯಿಲ್ಲದ, ನೆಲ ಅದುರದ ಆ ಸದ್ದು ನಿಜವಲ್ಲವೆಂದು ನನ್ನವನು ಎರಡನೆಯ ದಿನಕ್ಕೇ ಕಂಡುಕೊಂಡ.

ಸವಾರಿಯಲ್ಲಿರುವಾಗ ಹೌಂಡ್‌ಗಳು ಎದುರಾದರೆ ಎರಡೂ ಲಗಾಮುಗಳನ್ನು ಬಿಗಿದು ಜಗ್ಗಬೇಡಿ. ಹಂಟ್‌ನ ಕುದುರೆಗೆ ಆ ಬಿಗಿತವೇ ಹೊರಡುವ ಸೂಚನೆಯಾಗಿರುತ್ತದೆ. ಇನ್ನೂ ಗಡುಸಾದ ಕಡಿವಾಣ ಹಾಕುವುದೂ ಪರಿಹಾರವಲ್ಲ. ಒಂದು ಬದಿಯ ಲಗಾಮಿನಿಂದ ಕುತ್ತಿಗೆ ಬಾಗಿಸಿ ದೊಡ್ಡ ವೃತ್ತದಲ್ಲಿ ನಡಿಗೆಯಲ್ಲೇ ತಿರುಗಿಸಿ, ಮತ್ತೆ ಮುಖಮಾಡಿ ನಿಲ್ಲಿಸಿ. ನಡುಕ ಹೆಚ್ಚುತ್ತಿದೆ ಎನಿಸಿದರೆ ಇನ್ನೂ ಇಳಿಯಲು ಆಗುವಾಗಲೇ ಇಳಿದುಬಿಡಿ. ಮೇಲೆಯೇ ಕೂತು ಗೆಲ್ಲಬೇಕೆಂಬ ಹಟ ಬೇಡ.

ಔಷಧದ ಬಗ್ಗೆಯೂ ಕೇಳಿದ್ದೀರಿ. ಮಂಪರು ತರಿಸುವ ಔಷಧಗಳಾದ, ನಾಲಿಗೆಯ ಕೆಳಗೆ ಹಾಕುವ ಡೆಟೊಮಿಡಿನ್ ಜೆಲ್ ಅಥವಾ ಎಸಿಪಿಯನ್ನು (ಅಸೆಪ್ರೊಮಜಿನ್) ವೈದ್ಯರು ಬರೆದುಕೊಡಬಹುದು. ಜೆಲ್ ಕೆಲಸ ಮಾಡಲು ಸುಮಾರು ನಲವತ್ತು ನಿಮಿಷ ಬೇಕು. ಅದು ನಿಮ್ಮ ಚರ್ಮದ ಮೂಲಕವೂ ಒಳಸೇರುವುದರಿಂದ ಕೈಗವಸು ಕಡ್ಡಾಯ. ಕುದುರೆ ಆಗಲೇ ಕೆರಳಿದ್ದರೆ ಎರಡರ ಪರಿಣಾಮವೂ ಕುಂದುತ್ತದೆ, ಹಾಗಾಗಿ ಮುನ್ಸೂಚನೆಯ ಫೋನ್ ಕರೆ ಇಲ್ಲದೆ ಇವುಗಳಿಂದ ಉಪಯೋಗವಿಲ್ಲ. ಮಂಪರು ಇಳಿಯುವ ತನಕ ಮೇವು ಹಾಕಬಾರದು, ಸವಾರಿ ಮಾಡಲೇಬಾರದು. ನಾನು ಇದನ್ನು ಬಳಸಿದ್ದು ಒಂದೇ ಸಲ, ಅವನ ಕಾಲಿಗೆ ಗಾಯವಾಗಿ ಲಾಯದೊಳಗೆ ನಿಲ್ಲಿಸಲೇಬೇಕಾಗಿದ್ದ ವಾರದಲ್ಲಿ.

ನಿಮ್ಮ ಹೊಲದ ಬೇಲಿ ಎಷ್ಟೆತ್ತರವಿದೆ, ಆಚೆಗೆ ರಸ್ತೆಯಿದೆಯೇ, ಜೊತೆಗೆ ಬೇರೆ ಕುದುರೆ ಇದೆಯೇ ಎಂಬುದನ್ನು ಬರೆದರೆ, ಹಂಟ್ ಬರುವ ದಿನ ಅದನ್ನು ಒಳಗೆ ಕಟ್ಟುವುದೋ ಹೊರಗೆ ಬಿಡುವುದೋ ಎಂಬುದಕ್ಕೆ ಇನ್ನಷ್ಟು ಖಚಿತವಾಗಿ ಉತ್ತರಿಸಬಲ್ಲೆ.