ಮಾತ್ರೆ ಕರಗಿ ಹೋದರೂ ಅದರ ಕೆಲಸ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮ್ಮ ತಂದೆ ಹೃದಯದ ತೊಂದರೆಗೆ ದಿನಾ 75 ಮಿಲಿಗ್ರಾಂ ಆಸ್ಪಿರಿನ್ ತಗೊಳ್ತಾರೆ. ಹರ್ನಿಯಾ ಆಪರೇಷನ್ ಇದೆ, ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಿ ಅಂದಿದ್ದಾರೆ ಡಾಕ್ಟರು. ಬೆಳಿಗ್ಗೆ ನುಂಗಿದ್ದು ಸಂಜೆಗೆ ಮೈಯಿಂದ ಹೋಗಿರುತ್ತೆ ಅಲ್ವಾ? ಮತ್ತೆ ವಾರ ಯಾಕೆ?
– ಓದುಗರು, ಶಿರಸಿ

ಉತ್ತರ: ಸಂಜೆವರೆಗೂ ಕಾಯಬೇಕಿಲ್ಲ. ರಕ್ತಕ್ಕೆ ಸೇರಿದ ಆಸ್ಪಿರಿನ್ ಸುಮಾರು 20 ನಿಮಿಷಕ್ಕೇ ಅರ್ಧಕ್ಕಿಳಿಯುತ್ತದೆ. ಆದರೆ ಅಷ್ಟರೊಳಗೆ ಅದರ ಕೆಲಸ ಮುಗಿದಿರುತ್ತದೆ.

ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವ ಪುಟ್ಟ ಚೂರುಗಳು ಪ್ಲೇಟ್‌ಲೆಟ್‌ಗಳು. ಅವುಗಳೊಳಗೆ ಕಾಕ್ಸ್-1 ಎಂಬ ಪ್ರೋಟೀನ್ ಇದೆ. ಈ ಪ್ರೋಟೀನಿನಲ್ಲಿ ಒಂದು ಕಿರಿದಾದ ಸುರಂಗ. ಅದರೊಳಗೆ ಒಂದು ಬಗೆಯ ಕೊಬ್ಬಿನ ಆಮ್ಲ ಹೊಕ್ಕು ಬದಲಾಗಿ, ಮುಂದೆ ಥ್ರಾಂಬಾಕ್ಸೇನ್ ಆಗುತ್ತದೆ. ಉಳಿದ ಪ್ಲೇಟ್‌ಲೆಟ್‌ಗಳನ್ನು 'ಬನ್ನಿ, ಅಂಟಿಕೊಳ್ಳಿ' ಎಂದು ಕರೆಯುವ ವಸ್ತು ಅದೇ. ಆಸ್ಪಿರಿನ್ ಈ ಸುರಂಗಕ್ಕೆ ನುಗ್ಗಿ, ಅಸಿಟೈಲ್ ಎಂಬ ತನ್ನದೇ ಒಂದು ತುಂಡನ್ನು ಒಳಗಿನ ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಜೋಡಿಸಿ ಹೋಗುತ್ತದೆ. ಬೀಗದೊಳಗೆ ಕಡ್ಡಿ ಮುರಿದು ಸಿಕ್ಕಿಕೊಂಡ ಹಾಗೆ. ಹೆಚ್ಚಿನ ಔಷಧಗಳು ಪ್ರೋಟೀನಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತವೆ, ಇದು ಹಾಗಲ್ಲ.

ಸರಿ, ಪ್ರೋಟೀನ್ ಕೆಟ್ಟರೆ ಹೊಸದು ಮಾಡಿಕೊಳ್ಳಬಹುದಲ್ಲ? ಬೇರೆ ಜೀವಕೋಶಗಳು ಮಾಡಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗೆ ಆಗುವುದಿಲ್ಲ, ಯಾಕೆಂದರೆ ಅದಕ್ಕೆ ಕೋಶಕೇಂದ್ರವೇ ಇಲ್ಲ, ಅಂದರೆ ಹೊಸ ಪ್ರೋಟೀನಿಗೆ ಬೇಕಾದ ನಕ್ಷೆ ಅದರ ಹತ್ತಿರ ಇಲ್ಲ. ಅದರ ಆಯಸ್ಸು 8ರಿಂದ 10 ದಿನ, ಅಷ್ಟೂ ದಿನ ಹಾಗೇ ಕಳೆಯುತ್ತದೆ. ಮೂಳೆಯ ಮಜ್ಜೆ ದಿನಕ್ಕೆ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಹೊಸ ಪ್ಲೇಟ್‌ಲೆಟ್ ಬಿಡುತ್ತದೆ. ಡಾಕ್ಟರ ಲೆಕ್ಕದ ವಾರ ಬಂದದ್ದು ಇಲ್ಲಿಂದ. ದಿನಕ್ಕೆ 75 ಮಿಲಿಗ್ರಾಂ ಅನ್ನುವಷ್ಟು ಸಣ್ಣ ಪ್ರಮಾಣ ಸಾಕಾಗುವುದೂ ಇದರಿಂದಲೇ.

ತಮಾಷೆ ಏನಂದರೆ, 1899ರಿಂದ ಮಾರಾಟದಲ್ಲಿದ್ದ ಈ ಮಾತ್ರೆ ಒಳಗೆ ಯಾವುದನ್ನು ತಡೆಯುತ್ತದೆ ಎಂದು ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಎಪ್ಪತ್ತು ವರ್ಷ ಜನ ಸುಮ್ನೆ ನುಂಗಿದರು, ಗುಣವೂ ಆಯಿತು! ಇನ್ನು 'ರಕ್ತ ತೆಳು ಮಾಡುವ ಮಾತ್ರೆ' ಎಂದು ಎಲ್ಲರೂ ಕರೆಯುತ್ತಾರಲ್ಲ, ರಕ್ತವೇನೂ ತೆಳುವಾಗುವುದಿಲ್ಲ, ಅಂಟುವುದು ಕಡಿಮೆಯಾಗುತ್ತದೆ ಅಷ್ಟೇ.

ಮಂಡಿನೋವಿಗೆ ಐಬುಪ್ರೊಫೆನ್ ತಗೊಳ್ತಾರಾ, ಕೇಳಿ ನೋಡಿ. ಅದೂ ಇದೇ ಸುರಂಗದಲ್ಲಿ ಕೂರುತ್ತದೆ, ಆದರೆ ಎದ್ದು ಹೋಗುತ್ತದೆ. ಮೊದಲು ಅದನ್ನು ನುಂಗಿದರೆ ಆಮೇಲೆ ಬಂದ ಆಸ್ಪಿರಿನ್‌ಗೆ ಜಾಗ ಸಿಗದೆ, ಕಾಯುವಷ್ಟು ಹೊತ್ತು ಬಾಳದೆ, ಕೆಲಸ ಮಾಡದೆಯೇ ಹೋಗಬಹುದು. ಇದನ್ನು ಡಾಕ್ಟರಿಗೆ ಹೇಳಲೇಬೇಕು. ಮತ್ತೆ, ಇದನ್ನೆಲ್ಲ ಓದಿ ನೀವೇ ಲೆಕ್ಕ ಹಾಕಿ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ (ರಕ್ತನಾಳ ಮುಚ್ಚದಂತೆ ಒಳಗಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೆ ನಿಲ್ಲಿಸುವುದೇ ಜಾಸ್ತಿ ಅಪಾಯ ಆಗಬಹುದು. ಕೆಲವು ಆಪರೇಷನ್‌ಗಳಿಗೆ, ಹಲ್ಲು ಕೀಳಿಸುವುದಕ್ಕೆ, ಎಷ್ಟೋ ಸಲ ನಿಲ್ಲಿಸುವುದೂ ಇಲ್ಲ.

ಪ್ರಶ್ನೆ: ಡೆಂಗಿ ಜ್ವರದ ಮೈಕೈ ನೋವಿಗೆ ಆಸ್ಪಿರಿನ್ ತಗೊಳ್ಳಬಹುದಾ?
– ಓದುಗರು, ಮಂಗಳೂರು

ಉತ್ತರ: ಬೇಡ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ, ಉಳಿದವನ್ನೂ ನೀವು ಕೈಯಾರೆ ಕೆಡಿಸಿದ ಹಾಗಾಗುತ್ತದೆ. ಜೊತೆಗೆ ಹೊಟ್ಟೆಯ ಒಳಪದರವನ್ನು ಕಾಯುವುದೂ ಇದೇ ಕಾಕ್ಸ್-1, ಅಲ್ಲಿಂದಲೂ ರಕ್ತ ಸೋರಬಹುದು. ಐಬುಪ್ರೊಫೆನ್ ಕೂಡ ಬೇಡ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆಂದು ಆಸ್ಪಿರಿನ್ ತಗೊಳ್ಳುತ್ತಿರುವವರು ಜ್ವರ ಬಂದ ದಿನವೇ ಅದನ್ನು ಡಾಕ್ಟರಿಗೆ ತಿಳಿಸಿ.